ವಾಂತಿ

ವಾಂತಿ ಎಂದರೆ ಜಠರದಲ್ಲಿರುವ ಪದಾರ್ಥವು ಬಾಯಿಯ ಮೂಲಕ, ಕೆಲವೊಮ್ಮೆ ಮೂಗಿನ ಮೂಲಕವೂ, ರಭಸದಿಂದ ಹೊರಬರುವ ಕ್ರಿಯೆ. ಇದು ತಾನೇ ಒಂದು ರೋಗವಲ್ಲ. ಹಲವು ರೋಗಗಳ ಮತ್ತು ದೈಹಿಕ ಸ್ಥಿತಿಗಳ ಲಕ್ಷಣ. ಕೆಟ್ಟ ಆಹಾರವನ್ನೋ ವಿಷವನ್ನೋ ದೇಹವು ಹೊರಹಾಕುವ ರಕ್ಷಣಾ ಪ್ರತಿಕ್ರಿಯೆಯಾಗಿಯೂ ಇದು ಕೆಲಸ ಮಾಡುತ್ತದೆ. ಹೆಚ್ಚಿನ ಸಂದರ್ಭಗಳಲ್ಲಿ ವಾಂತಿಯು ಒಂದೆರಡು ದಿನಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ಆದರೆ ವಾಂತಿಯೊಂದಿಗೆ ದೇಹದ ನೀರು ಮತ್ತು ಲವಣಗಳು ನಷ್ಟವಾಗುವುದರಿಂದ ಶಿಶುಗಳು, ವೃದ್ಧರು ಹಾಗೂ ಮೊದಲೇ ಅಶಕ್ತರಾಗಿರುವ ರೋಗಿಗಳಲ್ಲಿ ಅದು ಬೇಗನೆ ಅಪಾಯಕ್ಕೆ ತಿರುಗಬಹುದು. ಆದ್ದರಿಂದ ವಾಂತಿಯ ನಿರ್ವಹಣೆಯಲ್ಲಿ ಮೂರು ಅಂಶಗಳು ಮುಖ್ಯ: ನಷ್ಟವಾದ ನೀರು ಮತ್ತು ಲವಣಗಳನ್ನು ತುಂಬಿಕೊಡುವುದು, ಮೂಲಕಾರಣವನ್ನು ಕಂಡುಕೊಳ್ಳುವುದು ಮತ್ತು ಅಪಾಯದ ಚಿಹ್ನೆಗಳನ್ನು ಸಕಾಲದಲ್ಲಿ ಗುರುತಿಸುವುದು.

ಸಂಬಂಧಿತ ಪದಗಳು

'ವಾಂತಿ' ಸಂಸ್ಕೃತ ಮೂಲದ ಪದ. ಕಕ್ಕು, ಕಾರು ಎಂಬ ಕನ್ನಡದ ಕ್ರಿಯಾಪದಗಳು ಇದೇ ಅರ್ಥದಲ್ಲಿ ಬಳಕೆಯಲ್ಲಿವೆ. ವಾಂತಿಗೆ ಮುನ್ನ ಹೊಟ್ಟೆ ತೊಳಸಿದಂತಾಗುವ ಅಹಿತಕರ ಅನುಭವವನ್ನು ವಾಕರಿಕೆ ಎನ್ನುತ್ತಾರೆ. ಹೊಟ್ಟೆಯ ಸ್ನಾಯುಗಳು ಹಿಂಡಿದರೂ ಏನೂ ಹೊರಬಾರದಿದ್ದರೆ ಅದು ಒಣ ಓಕರಿಕೆ. ವಾಂತಿ ಮತ್ತು ಭೇದಿ ಒಟ್ಟಿಗೆ ಕಾಣಿಸಿಕೊಂಡಾಗ ವಾಂತಿಭೇದಿ ಎನ್ನುವುದು ರೂಢಿ. ಕಾಲರಾ ರೋಗಕ್ಕೂ ಜನರು ಇದೇ ಹೆಸರನ್ನು ಬಳಸುತ್ತಿದ್ದರು.

ಆಹಾರವು ಯಾವುದೇ ಪ್ರಯಾಸವಿಲ್ಲದೆ ಅನ್ನನಾಳದಿಂದ ಬಾಯಿಗೆ ಮರಳುವುದು ವಾಂತಿಯಲ್ಲ. ಹಾಲು ಕುಡಿದ ಶಿಶುವು ತೇಗಿನೊಂದಿಗೆ ಸ್ವಲ್ಪ ಹಾಲನ್ನು ಕಕ್ಕುವುದು ಈ ಬಗೆಯದು. ಮಗು ಚಟುವಟಿಕೆಯಿಂದಿದ್ದು ತೂಕ ಸರಿಯಾಗಿ ಹೆಚ್ಚುತ್ತಿದ್ದರೆ ಇದಕ್ಕೆ ಸಾಮಾನ್ಯವಾಗಿ ಚಿಕಿತ್ಸೆ ಬೇಕಾಗುವುದಿಲ್ಲ.

ವಾಂತಿಯಾಗುವ ಬಗೆ

ವಾಂತಿಯನ್ನು ನಿಯಂತ್ರಿಸುವ ನರಜಾಲವು ಮಿದುಳುಕಾಂಡದ ಕೆಳಭಾಗವಾದ ಮೆಡುಲ್ಲಾದಲ್ಲಿದೆ. ಇದಕ್ಕೆ ಮುಖ್ಯವಾಗಿ ನಾಲ್ಕು ದಾರಿಗಳಿಂದ ಸಂದೇಶಗಳು ತಲುಪುತ್ತವೆ.

1. ಜಠರ ಮತ್ತು ಕರುಳು: ಸೋಂಕು ಅಥವಾ ವಿಷದಿಂದ ಕರುಳಿನ ಒಳಪದರ ಕೆರಳಿದಾಗ ಅಲ್ಲಿನ ಕೆಲವು ಜೀವಕೋಶಗಳು ಸೆರೊಟೋನಿನ್ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡುತ್ತವೆ. ಅದು ವೇಗಸ್ ನರದ ತುದಿಗಳನ್ನು ಪ್ರಚೋದಿಸುತ್ತದೆ. ದೇಹದಲ್ಲಿರುವ ಸೆರೊಟೋನಿನ್‌ನ ಬಹುಪಾಲು ಇರುವುದು ಕರುಳಿನಲ್ಲಿಯೇ.

2. ರಕ್ತ: ಮಿದುಳಿನ ನಾಲ್ಕನೆಯ ಕುಹರದ ತಳದಲ್ಲಿ ಏರಿಯಾ ಪೋಸ್ಟ್ರೀಮಾ ಎಂಬ ಚಿಕ್ಕ ಭಾಗವಿದೆ. ರಕ್ತದಲ್ಲಿನ ಅನೇಕ ವಸ್ತುಗಳು ಮಿದುಳನ್ನು ಸೇರದಂತೆ ತಡೆಯುವ ತಡೆಗೋಡೆ ಇಲ್ಲಿ ಪೂರ್ಣವಾಗಿಲ್ಲ. ಹೀಗಾಗಿ ಇದು ರಕ್ತದಲ್ಲಿನ ವಿಷ, ಔಷಧ ಹಾಗೂ ಮೂತ್ರಪಿಂಡ ವೈಫಲ್ಯದಂತಹ ರೋಗಗಳಲ್ಲಿ ಸಂಗ್ರಹವಾಗುವ ಕಲ್ಮಶಗಳನ್ನು ನೇರವಾಗಿ ಗ್ರಹಿಸುತ್ತದೆ.

3. ಒಳಗಿವಿ: ದೇಹದ ಸಮತೋಲನವನ್ನು ಅರಿಯುವ ಒಳಗಿವಿಯ ಸಂದೇಶಕ್ಕೂ ಕಣ್ಣು ಕಾಣುವ ದೃಶ್ಯಕ್ಕೂ ಹೊಂದಾಣಿಕೆ ತಪ್ಪಿದಾಗ ಪ್ರಯಾಣದ ವಾಂತಿ ಉಂಟಾಗುತ್ತದೆ. ಆಗುಂಬೆ, ಚಾರ್ಮಾಡಿಯಂತಹ ತಿರುವುಗಳುಳ್ಳ ಘಟ್ಟದ ರಸ್ತೆಗಳಲ್ಲಿ ಅನೇಕರಿಗೆ ವಾಂತಿಯಾಗುವುದು ಈ ಕಾರಣದಿಂದ.

4. ಮಿದುಳಿನ ಮೇಲ್ಭಾಗ: ಭಯ, ತೀವ್ರ ನೋವು, ಜಿಗುಪ್ಸೆ ಹುಟ್ಟಿಸುವ ವಾಸನೆ ಅಥವಾ ಅದರ ನೆನಪು ಕೂಡ ವಾಂತಿಯನ್ನು ಪ್ರಚೋದಿಸಬಲ್ಲದು.

ಪ್ರಚೋದನೆ ಸಾಕಷ್ಟಾದಾಗ ಮೊದಲು ಬಾಯಿಯಲ್ಲಿ ನೀರೂರುತ್ತದೆ, ಮುಖ ಬಿಳುಚಿಕೊಳ್ಳುತ್ತದೆ, ಬೆವರು ಬರುತ್ತದೆ. ಊರುವ ಜೊಲ್ಲು ಜಠರದ ಆಮ್ಲದಿಂದ ಹಲ್ಲುಗಳಿಗೆ ಸ್ವಲ್ಪಮಟ್ಟಿನ ರಕ್ಷಣೆ ನೀಡುತ್ತದೆ. ಸಣ್ಣ ಕರುಳಿನಲ್ಲಿ ಹಿಮ್ಮುಖವಾದ ಬಲವಾದ ಅಲೆಯೊಂದು ಹುಟ್ಟಿ ಅಲ್ಲಿನ ಪದಾರ್ಥವನ್ನು ಜಠರಕ್ಕೆ ತಳ್ಳುತ್ತದೆ. ಅನಂತರ ವಪೆ ಮತ್ತು ಹೊಟ್ಟೆಯ ಸ್ನಾಯುಗಳು ಬಲವಾಗಿ ಸಂಕುಚಿಸುತ್ತವೆ, ಅನ್ನನಾಳದ ಕೆಳಗಿನ ಬಿಗಿ ಸಡಿಲಗೊಳ್ಳುತ್ತದೆ ಮತ್ತು ಜಠರದ ಪದಾರ್ಥ ಹೊರಚಿಮ್ಮುತ್ತದೆ. ಜಠರವು ತಾನೇ ಹಿಂಡಿ ಹೊರಹಾಕುತ್ತದೆ ಎಂಬ ಗ್ರಹಿಕೆ ಸರಿಯಲ್ಲ. ಹೊರತಳ್ಳುವ ಬಲ ಬರುವುದು ಮುಖ್ಯವಾಗಿ ಹೊಟ್ಟೆಯ ಸ್ನಾಯುಗಳಿಂದ. ಈ ಹೊತ್ತಿನಲ್ಲಿ ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳುವುದರಿಂದ ವಾಂತಿ ಶ್ವಾಸಕೋಶಕ್ಕೆ ಇಳಿಯುವುದಿಲ್ಲ. ಪ್ರಜ್ಞೆ ತಪ್ಪಿದವರಲ್ಲಿ ಮತ್ತು ಮದ್ಯದ ಅಮಲು ಏರಿದವರಲ್ಲಿ ಈ ರಕ್ಷಣೆ ದುರ್ಬಲವಾಗಿರುತ್ತದೆ.

ಎಲ್ಲ ಪ್ರಾಣಿಗಳಿಗೂ ಈ ಸಾಮರ್ಥ್ಯವಿಲ್ಲ. ನಾಯಿ, ಬೆಕ್ಕುಗಳು ಸುಲಭವಾಗಿ ವಾಂತಿ ಮಾಡಿಕೊಳ್ಳುತ್ತವೆ. ಇಲಿಗಳು ವಾಂತಿ ಮಾಡಲಾರವು.

ಕಾರಣಗಳು

ಸೋಂಕುಗಳು

ಹಠಾತ್ತನೆ ಆರಂಭವಾಗುವ ವಾಂತಿಗೆ ಜಠರ ಮತ್ತು ಕರುಳಿನ ವೈರಸ್ ಸೋಂಕು ಅತಿ ಸಾಮಾನ್ಯ ಕಾರಣ. ಇವುಗಳಲ್ಲಿ ನೊರೊವೈರಸ್ ಮುಖ್ಯವಾದುದು. 1968ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ನಾರ್ವಾಕ್ ಪಟ್ಟಣದ ಶಾಲೆಯೊಂದರಲ್ಲಿ ಹಬ್ಬಿದ ಕಾಯಿಲೆಯಿಂದ ಇದಕ್ಕೆ ಈ ಹೆಸರು ಬಂದಿದೆ. ವೈರಸ್ ದೇಹ ಸೇರಿದ 12ರಿಂದ 48 ಗಂಟೆಗಳಲ್ಲಿ ಲಕ್ಷಣಗಳು ಆರಂಭವಾಗಿ, ಸಾಮಾನ್ಯವಾಗಿ ಮೂರು ದಿನಗಳೊಳಗೆ ಶಮನವಾಗುತ್ತವೆ. ಚಿಕ್ಕ ಮಕ್ಕಳಲ್ಲಿ ರೋಟಾವೈರಸ್ ತೀವ್ರವಾದ ವಾಂತಿ ಮತ್ತು ಭೇದಿಯನ್ನು ಉಂಟುಮಾಡುತ್ತದೆ. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ 2016ರಲ್ಲಿ ರೋಟಾವೈರಸ್ ಲಸಿಕೆಯನ್ನು ಸೇರಿಸಲಾಯಿತು.

ಕರುಳಿಗೆ ನೇರವಾಗಿ ಸಂಬಂಧಿಸದ ಸೋಂಕುಗಳಲ್ಲಿಯೂ ವಾಂತಿ ಕಾಣಿಸುತ್ತದೆ. ಮಲೇರಿಯಾ, ಕಾಮಾಲೆ, ಮೂತ್ರನಾಳದ ಸೋಂಕು ಮತ್ತು ಮಿದುಳುಪೊರೆಯ ಉರಿಯೂತ ಇದಕ್ಕೆ ಉದಾಹರಣೆಗಳು. ಡೆಂಗಿ ಜ್ವರದಲ್ಲಿ ಬಿಡದೆ ಬರುವ ವಾಂತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯು ರೋಗ ಉಲ್ಬಣಿಸುವ ಎಚ್ಚರಿಕೆಯ ಚಿಹ್ನೆಗಳಲ್ಲಿ ಒಂದೆಂದು ಪರಿಗಣಿಸಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯಲ್ಲಿಯೂ ಜ್ವರ, ತಲೆನೋವು ಮತ್ತು ಮೈಕೈ ನೋವಿನೊಂದಿಗೆ ವಾಂತಿ ಕಾಣಿಸಿಕೊಳ್ಳುತ್ತದೆ.

ಆಹಾರದ ನಂಜು

ಊಟವಾದ ಒಂದರಿಂದ ಆರು ಗಂಟೆಗಳೊಳಗೆ ಹಲವರಿಗೆ ಒಟ್ಟಿಗೆ ವಾಂತಿಯಾದರೆ, ಆಹಾರದಲ್ಲಿ ಬ್ಯಾಕ್ಟೀರಿಯಾ ಮೊದಲೇ ಉತ್ಪಾದಿಸಿಟ್ಟ ನಂಜು ಕಾರಣವಾಗಿರುವ ಸಾಧ್ಯತೆ ಹೆಚ್ಚು. ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಅಡುಗೆ ಮಾಡುವವರ ಕೈಯ ಗಾಯ ಅಥವಾ ಮೂಗಿನಿಂದ ಹಾಲಿನ ಸಿಹಿತಿಂಡಿ, ಮಾಂಸ ಮುಂತಾದ ಆಹಾರಗಳನ್ನು ಸೇರುತ್ತದೆ. ಬ್ಯಾಸಿಲಸ್ ಸೀರಿಯಸ್ ಎಂಬುದು ಬೆಂದ ಅನ್ನವನ್ನು ಬಹಳ ಹೊತ್ತು ಹೊರಗಿಟ್ಟಾಗ ಅದರಲ್ಲಿ ಬೆಳೆಯುತ್ತದೆ. ಈ ಎರಡೂ ನಂಜುಗಳು ಮತ್ತೆ ಬಿಸಿ ಮಾಡುವುದರಿಂದ ನಾಶವಾಗುವುದಿಲ್ಲ. ರಾತ್ರಿಯೆಲ್ಲ ಹೊರಗಿದ್ದ ಅನ್ನವನ್ನು ಬೆಳಿಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿದರೆ ಬ್ಯಾಕ್ಟೀರಿಯಾ ಸಾಯಬಹುದು, ಆದರೆ ನಂಜು ಉಳಿಯುತ್ತದೆ.

ಇತರ ಕಾರಣಗಳು

* ಹೊಟ್ಟೆಯ ರೋಗಗಳು: ಅಪೆಂಡಿಸೈಟಿಸ್, ಕರುಳಿನ ಅಡಚಣೆ, ಪಿತ್ತಕೋಶದ ಕಲ್ಲು, ಮೇದೋಜೀರಕ ಗ್ರಂಥಿಯ ಉರಿಯೂತ, ಜಠರದ ಹುಣ್ಣು.
* ನರಮಂಡಲ: ಅರೆತಲೆನೋವು, ತಲೆಪೆಟ್ಟು, ಮಿದುಳಿನ ಗೆಡ್ಡೆ ಅಥವಾ ರಕ್ತಸ್ರಾವದಿಂದ ತಲೆಬುರುಡೆಯೊಳಗೆ ಒತ್ತಡ ಏರುವುದು.
* ಚಯಾಪಚಯದ ದೋಷಗಳು: ನಿಯಂತ್ರಣ ತಪ್ಪಿದ ಮಧುಮೇಹದಲ್ಲಿ ರಕ್ತ ಆಮ್ಲೀಯವಾಗುವುದು, ಮೂತ್ರಪಿಂಡ ವೈಫಲ್ಯ.
* ಹೃದಯಾಘಾತ: ಕೆಲವರಲ್ಲಿ, ವಿಶೇಷವಾಗಿ ಮಧುಮೇಹಿಗಳಲ್ಲಿ, ಎದೆನೋವು ಸ್ಪಷ್ಟವಾಗಿರದೆ ವಾಂತಿ ಮತ್ತು ಬೆವರು ಮಾತ್ರ ಕಾಣಿಸಬಹುದು. ಇದನ್ನು ಅಜೀರ್ಣವೆಂದು ಭಾವಿಸುವುದರಿಂದ ಅಮೂಲ್ಯವಾದ ಸಮಯ ಕಳೆದುಹೋಗುತ್ತದೆ.
* ಔಷಧಗಳು: ಕ್ಯಾನ್ಸರ್ ಔಷಧಗಳು, ಮಾರ್ಫಿನ್ ವರ್ಗದ ನೋವು ನಿವಾರಕಗಳು, ಕೆಲವು ಆ್ಯಂಟಿಬಯಾಟಿಕ್‌ಗಳು.
* ಮದ್ಯ ಮತ್ತು ವಿಷ ಪದಾರ್ಥಗಳು.
* ಮಾನಸಿಕ ಕಾರಣಗಳು: ಬುಲಿಮಿಯಾ ಎಂಬ ಆಹಾರ ಸೇವನೆಯ ತೊಂದರೆಯಲ್ಲಿ ರೋಗಿಯು ಅತಿಯಾಗಿ ತಿಂದು, ತೂಕ ಹೆಚ್ಚುವ ಭಯದಿಂದ ತಾನೇ ವಾಂತಿ ಮಾಡಿಕೊಳ್ಳುತ್ತಾನೆ ಅಥವಾ ಮಾಡಿಕೊಳ್ಳುತ್ತಾಳೆ.

ವಾಂತಿಯ ಬಣ್ಣ ಮತ್ತು ಸ್ವರೂಪ

ವಾಂತಿಯ ಬಣ್ಣವು ಕಾರಣದ ಸುಳಿವು ನೀಡುತ್ತದೆ. ಬರಿಹೊಟ್ಟೆಯಲ್ಲಿ ಪದೇಪದೇ ವಾಂತಿಯಾದರೆ ಪಿತ್ತರಸ ಬೆರೆತು ಹಳದಿ ಬಣ್ಣ ಬರುವುದು ವಯಸ್ಕರಲ್ಲಿ ಸಾಮಾನ್ಯ. ಇದನ್ನೇ ಜನರು 'ಪಿತ್ತ ಕಾರುವುದು' ಎನ್ನುತ್ತಾರೆ. ಆದರೆ ನವಜಾತ ಶಿಶುವು ಹಸಿರು ಬಣ್ಣದ ವಾಂತಿ ಮಾಡಿದರೆ ಕರುಳು ತಿರುಚಿಕೊಂಡಿರುವ ಶಂಕೆಯಿಂದ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ಕೆಂಪು ರಕ್ತವು ಅನ್ನನಾಳ ಅಥವಾ ಜಠರದಲ್ಲಿ ರಕ್ತಸ್ರಾವವಾಗುತ್ತಿರುವುದನ್ನು ತೋರಿಸುತ್ತದೆ. ಜಠರದ ಆಮ್ಲದೊಡನೆ ಬೆರೆತ ರಕ್ತವು ಕಾಫಿಪುಡಿಯ ಗಷ್ಟಿನಂತೆ ಕಪ್ಪಾಗಿ ಕಾಣುತ್ತದೆ. ಮಲದ ವಾಸನೆಯುಳ್ಳ ವಾಂತಿಯು ಕರುಳಿನ ಅಡಚಣೆಯನ್ನು ಸೂಚಿಸುತ್ತದೆ. ಎರಡರಿಂದ ಎಂಟು ವಾರಗಳ ಶಿಶುವು ಪ್ರತಿ ಬಾರಿ ಹಾಲು ಕುಡಿದ ನಂತರ ದೂರಕ್ಕೆ ಚಿಮ್ಮುವಂತೆ ವಾಂತಿ ಮಾಡಿ, ಮತ್ತೆ ಹಸಿವಿನಿಂದ ಅಳುತ್ತಿದ್ದರೆ ಜಠರದ ಹೊರದ್ವಾರ ಕಿರಿದಾಗಿರುವ ಸಾಧ್ಯತೆಯಿರುತ್ತದೆ. ಇದನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಲಾಗುತ್ತದೆ.

ತೊಡಕುಗಳು

ವಾಂತಿಯ ಪ್ರಮುಖ ತೊಡಕು ನಿರ್ಜಲೀಕರಣ. ಬಾಯಿ ಒಣಗುವುದು, ಕಣ್ಣು ಗುಳಿಬೀಳುವುದು, ಮೂತ್ರ ಕಡಿಮೆಯಾಗಿ ಗಾಢ ಬಣ್ಣ ತಾಳುವುದು, ಅಳುವಾಗ ಕಣ್ಣೀರು ಬಾರದಿರುವುದು, ಶಿಶುಗಳ ನೆತ್ತಿಸುಳಿ ಕುಸಿಯುವುದು ಇದರ ಲಕ್ಷಣಗಳು. ಹೊಟ್ಟೆಯ ಮೇಲಿನ ಚರ್ಮವನ್ನು ಚಿವುಟಿ ಬಿಟ್ಟಾಗ ಅದು ಹಿಂದಿನ ಸ್ಥಿತಿಗೆ ಮರಳಲು ಎರಡು ಸೆಕೆಂಡುಗಳಿಗಿಂತ ಹೆಚ್ಚು ಸಮಯ ಹಿಡಿದರೆ ಮತ್ತು ಮಗು ಮಂಕಾಗಿದ್ದರೆ ನಿರ್ಜಲೀಕರಣ ತೀವ್ರವಾಗಿದೆ ಎಂದು ತಿಳಿಯಲಾಗುತ್ತದೆ.

ವಾಂತಿಯೊಂದಿಗೆ ಜಠರದ ಹೈಡ್ರೋಕ್ಲೋರಿಕ್ ಆಮ್ಲವೂ ಹೋಗುವುದರಿಂದ ರಕ್ತದ ಕ್ಷಾರತೆ ಏರುತ್ತದೆ. ಪೊಟ್ಯಾಸಿಯಂ ಪ್ರಮಾಣ ಇಳಿದು ಸ್ನಾಯುಗಳು ದುರ್ಬಲವಾಗುತ್ತವೆ, ಹೃದಯದ ಲಯ ತಪ್ಪಬಹುದು. ಬಲವಾದ ವಾಂತಿಯಿಂದ ಅನ್ನನಾಳ ಮತ್ತು ಜಠರ ಸೇರುವಲ್ಲಿ ಒಳಪದರ ಸೀಳಿ ರಕ್ತ ಬರಬಹುದು. ಇದನ್ನು 1929ರಲ್ಲಿ ವಿವರಿಸಿದ ಇಬ್ಬರು ವೈದ್ಯರ ಹೆಸರಿನಿಂದ ಮ್ಯಾಲೊರಿ–ವೈಸ್ ಸೀಳು ಎನ್ನುತ್ತಾರೆ. ಅಪರೂಪಕ್ಕೆ ಅನ್ನನಾಳವೇ ಒಡೆಯುವುದುಂಟು; ಇದು ಪ್ರಾಣಾಂತಿಕ. ದೀರ್ಘಕಾಲ ವಾಂತಿ ಮಾಡುವವರಲ್ಲಿ ಆಮ್ಲದಿಂದ ಹಲ್ಲಿನ ಮೇಲ್ಪದರ ಸವೆಯುತ್ತದೆ. ವಾಂತಿಯಾದ ಕೂಡಲೇ ಹಲ್ಲುಜ್ಜಿದರೆ ಸವೆತ ಹೆಚ್ಚುವುದರಿಂದ ಮೊದಲು ನೀರಿನಿಂದ ಬಾಯಿ ಮುಕ್ಕಳಿಸುವುದು ಒಳ್ಳೆಯದು.

ಆರೈಕೆ

ದ್ರವ ಪೂರೈಕೆ

ವಾಂತಿಯಾಗುತ್ತಿರುವವರಿಗೆ ಏನನ್ನೂ ಕೊಡಬಾರದೆಂಬ ಭಾವನೆ ವ್ಯಾಪಕವಾಗಿದೆ. ವಾಂತಿಯಾದ ಬಳಿಕ ಸುಮಾರು 10 ನಿಮಿಷ ಕಾದು, ಅನಂತರ ನಿಧಾನವಾಗಿ ದ್ರವ ನೀಡುವುದು ಸರಿಯಾದ ಕ್ರಮ. ಮಕ್ಕಳಿಗೆ ಒಂದೆರಡು ನಿಮಿಷಕ್ಕೊಮ್ಮೆ ಒಂದು ಚಮಚದಂತೆ ಕೊಡಲಾಗುತ್ತದೆ. ಬಾಯಾರಿಕೆಯಿಂದ ಒಮ್ಮೆಲೇ ಲೋಟ ತುಂಬ ಕುಡಿದರೆ ಜಠರ ಹಿಗ್ಗಿ ಮತ್ತೆ ವಾಂತಿಯಾಗುತ್ತದೆ. ಸ್ವಲ್ಪ ಭಾಗ ವಾಂತಿಯಾದರೂ ಉಳಿದದ್ದು ಸಣ್ಣ ಕರುಳನ್ನು ಸೇರಿ ಹೀರಲ್ಪಡುತ್ತದೆ.

ಇದಕ್ಕೆ ಅತ್ಯುತ್ತಮವಾದುದು ಓಆರ್‌ಎಸ್ ಎಂದು ಪರಿಚಿತವಾಗಿರುವ ಮರುಜಲೀಕರಣ ದ್ರಾವಣ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರ್ ನೀರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಮತ್ತು 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್ ಇರುತ್ತದೆ. ಸಣ್ಣ ಕರುಳಿನ ಜೀವಕೋಶಗಳು ಗ್ಲೂಕೋಸ್ ಮತ್ತು ಸೋಡಿಯಂಗಳನ್ನು ಜೊತೆಯಾಗಿ ಒಳಗೆ ಸೆಳೆದುಕೊಳ್ಳುತ್ತವೆ. ನೀರು ಅವುಗಳನ್ನು ಹಿಂಬಾಲಿಸುತ್ತದೆ. ಸಕ್ಕರೆ ಅಥವಾ ಉಪ್ಪಿನ ಪ್ರಮಾಣ ಬದಲಾದರೆ ಈ ಕ್ರಿಯೆ ಹದ ತಪ್ಪುತ್ತದೆ. ಆದ್ದರಿಂದ ಪೊಟ್ಟಣದ ಮೇಲೆ ಹೇಳಿರುವಷ್ಟೇ ಶುದ್ಧ ನೀರಿನಲ್ಲಿ ಇಡೀ ಪೊಟ್ಟಣವನ್ನು ಕರಗಿಸಬೇಕು ಮತ್ತು 24 ಗಂಟೆಗಳೊಳಗೆ ಬಳಸಬೇಕು. ಪೊಟ್ಟಣ ಸಿಗದಿದ್ದಾಗ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮಮಟ್ಟದ ಟೀ ಚಮಚ ಸಕ್ಕರೆ ಮತ್ತು ಅರ್ಧ ಸಮಮಟ್ಟದ ಟೀ ಚಮಚ ಉಪ್ಪನ್ನು ಬೆರೆಸಬಹುದು.

ಈ ವಿಧಾನದ ಮಹತ್ವ ಜಗತ್ತಿಗೆ ಮನವರಿಕೆಯಾದದ್ದು 1971ರಲ್ಲಿ. ಬಾಂಗ್ಲಾದೇಶ ವಿಮೋಚನಾ ಯುದ್ಧದ ಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ನೀಡುವ ದ್ರವ ಸಾಲದಾದಾಗ ವೈದ್ಯ ದಿಲೀಪ್ ಮಹಲನಾಬಿಸ್ ಅವರ ತಂಡವು ಸಕ್ಕರೆ ಮತ್ತು ಲವಣಗಳ ದ್ರಾವಣವನ್ನು ಡ್ರಮ್ಮುಗಳಲ್ಲಿ ತುಂಬಿಟ್ಟು, ರೋಗಿಗಳ ಬಂಧುಗಳೇ ಅದನ್ನು ಕುಡಿಸುವಂತೆ ಏರ್ಪಾಡು ಮಾಡಿತು. ಅಲ್ಲಿ ಸಾವಿನ ಪ್ರಮಾಣ ಶೇಕಡ 4ಕ್ಕಿಂತ ಕೆಳಗಿಳಿಯಿತು. 2022ರಲ್ಲಿ ನಿಧನರಾದ ಅವರಿಗೆ 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಘೋಷಿಸಲಾಯಿತು.

ಗಂಜಿ, ಉಪ್ಪು ಹಾಕಿದ ನೀರುಮಜ್ಜಿಗೆ ಮತ್ತು ಬೇಳೆಕಟ್ಟುಗಳು ಮನೆಯಲ್ಲಿ ಸಿಗುವ ಉಪಯುಕ್ತ ದ್ರವಗಳು. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚಿದ್ದರೂ ಸೋಡಿಯಂ ಕಡಿಮೆ. ಅದು ಓಆರ್‌ಎಸ್‌ಗೆ ಸಮನಲ್ಲ. ತಂಪು ಪಾನೀಯ ಮತ್ತು ಡಬ್ಬಿಯ ಹಣ್ಣಿನ ರಸಗಳಲ್ಲಿನ ಅಧಿಕ ಸಕ್ಕರೆಯು ಭೇದಿಯನ್ನು ಹೆಚ್ಚಿಸಬಹುದು. ಎದೆಹಾಲು ಕುಡಿಯುವ ಶಿಶುವಿಗೆ ಎದೆಹಾಲನ್ನು ನಿಲ್ಲಿಸಬಾರದು.

ಆಹಾರ ಮತ್ತು ವಿಶ್ರಾಂತಿ

ವಾಂತಿ ಕಡಿಮೆಯಾದ ಮೇಲೆ ಇಡ್ಲಿ, ಮೆತ್ತಗಿನ ಅನ್ನ, ಮೊಸರನ್ನ, ಬಾಳೆಹಣ್ಣಿನಂತಹ ಹಗುರ ಆಹಾರವನ್ನು ಸ್ವಲ್ಪಸ್ವಲ್ಪವಾಗಿ ಆರಂಭಿಸಬಹುದು. ದೀರ್ಘ ಉಪವಾಸದ ಅಗತ್ಯವಿಲ್ಲ. ಕರಿದ, ಖಾರದ ಮತ್ತು ಗಾಢ ವಾಸನೆಯ ಪದಾರ್ಥಗಳನ್ನು ದೂರವಿಡಬೇಕು. ಮಂಕಾಗಿರುವ ಅಥವಾ ಪ್ರಜ್ಞೆಯಿಲ್ಲದ ವ್ಯಕ್ತಿಯನ್ನು ಅಂಗಾತ ಮಲಗಿಸಬಾರದು. ಒಂದು ಮಗ್ಗುಲಿಗೆ ತಿರುಗಿಸಿದರೆ ವಾಂತಿ ಶ್ವಾಸನಾಳಕ್ಕೆ ಇಳಿಯುವ ಅಪಾಯ ಕಡಿಮೆಯಾಗುತ್ತದೆ. ಅಂತಹವರ ಬಾಯಿಗೆ ನೀರು ಅಥವಾ ಔಷಧ ಹಾಕಬಾರದು.

ಔಷಧಗಳು

ವಾಂತಿ ನಿರೋಧಕಗಳು ಮೇಲೆ ವಿವರಿಸಿದ ಸಂದೇಶದ ದಾರಿಗಳನ್ನು ತಡೆಯುತ್ತವೆ. ಹೀಗಾಗಿ ಒಂದು ಬಗೆಯ ವಾಂತಿಗೆ ಹೊಂದುವ ಔಷಧ ಇನ್ನೊಂದಕ್ಕೆ ಹೊಂದದಿರಬಹುದು.

* ಆಂಡಾನ್ಸೆಟ್ರಾನ್ ಸೆರೊಟೋನಿನ್‌ನ ಪ್ರಭಾವವನ್ನು ತಡೆಯುತ್ತದೆ. ಇದು ಕರುಳಿನ ಸೋಂಕು, ಕ್ಯಾನ್ಸರ್ ಚಿಕಿತ್ಸೆ ಮತ್ತು ಶಸ್ತ್ರಚಿಕಿತ್ಸೆಯ ನಂತರದ ವಾಂತಿಯಲ್ಲಿ ಉಪಯುಕ್ತ. ಪ್ರಯಾಣದ ವಾಂತಿಗೆ ಅಷ್ಟಾಗಿ ಫಲಕಾರಿಯಲ್ಲ.
* ಡಾಂಪೆರಿಡೋನ್ ಮತ್ತು ಮೆಟೊಕ್ಲೊಪ್ರಮೈಡ್ ಡೋಪಮಿನ್ ತಡೆಯುವ ಔಷಧಗಳು. ಮೆಟೊಕ್ಲೊಪ್ರಮೈಡ್‌ನಿಂದ, ಮುಖ್ಯವಾಗಿ ಮಕ್ಕಳು ಮತ್ತು ಯುವಜನರಲ್ಲಿ, ಕುತ್ತಿಗೆ ಮತ್ತು ಮುಖದ ಸ್ನಾಯುಗಳು ಸೆಟೆದುಕೊಳ್ಳಬಹುದು. ಡಾಂಪೆರಿಡೋನ್ ಕೆಲವರಲ್ಲಿ ಹೃದಯದ ಲಯವನ್ನು ಕೆಡಿಸಬಹುದು.
* ಪ್ರೋಮೆಥಜೀನ್, ಮೆಕ್ಲಿಜೀನ್ ಮತ್ತು ಹಯೋಸೀನ್ ಪ್ರಯಾಣದ ವಾಂತಿಗೆ ಸೂಕ್ತ. ಇವನ್ನು ಪ್ರಯಾಣಕ್ಕೆ ಮೊದಲೇ ಸೇವಿಸಬೇಕು. ತೂಕಡಿಕೆ ತರುವುದರಿಂದ ವಾಹನ ಚಲಾಯಿಸುವವರು ಬಳಸಬಾರದು.

ಈ ಔಷಧಗಳನ್ನು ವೈದ್ಯರ ಸಲಹೆಯಿಲ್ಲದೆ, ಅದರಲ್ಲಿಯೂ ಮಕ್ಕಳಿಗೆ, ನೀಡುವುದು ಸರಿಯಲ್ಲ. ಅಪೆಂಡಿಸೈಟಿಸ್ ಅಥವಾ ಕರುಳಿನ ಅಡಚಣೆಯಿರುವಾಗ ವಾಂತಿಯನ್ನು ಮಾತ್ರ ಅದುಮಿಟ್ಟರೆ ರೋಗ ಪತ್ತೆಯಾಗುವುದು ತಡವಾಗುತ್ತದೆ.

ವಿಷ ಸೇವನೆ ಮತ್ತು ವಾಂತಿ

ವಿಷ ಸೇವಿಸಿದವರಿಗೆ ಉಪ್ಪುನೀರು, ಸೋಪಿನ ನೀರು ಅಥವಾ ಹುಣಸೆ ನೀರು ಕುಡಿಸಿ, ಇಲ್ಲವೇ ಗಂಟಲಿಗೆ ಬೆರಳಿಟ್ಟು ವಾಂತಿ ಮಾಡಿಸುವ ರೂಢಿಯು ಅಪಾಯಕಾರಿ. ಸೀಮೆಎಣ್ಣೆಯು ವಾಂತಿಯಾಗುವಾಗ ಶ್ವಾಸಕೋಶವನ್ನು ಸೇರಿ ತೀವ್ರ ಉರಿಯೂತ ಉಂಟುಮಾಡುತ್ತದೆ. ಆಮ್ಲ ಅಥವಾ ಶೌಚಾಲಯ ಶುಚಿಕಾರಕಗಳು ಮೇಲೆ ಬರುವಾಗ ಅನ್ನನಾಳವನ್ನು ಎರಡನೆಯ ಬಾರಿ ಸುಡುತ್ತವೆ. ಕೀಟನಾಶಕ ಸೇವಿಸಿದವರು ಯಾವ ಕ್ಷಣದಲ್ಲಾದರೂ ಪ್ರಜ್ಞೆ ತಪ್ಪಬಹುದಾದ್ದರಿಂದ ವಾಂತಿಯು ಉಸಿರುಗಟ್ಟಿಸಬಹುದು. ಗಾಢ ಉಪ್ಪುನೀರು ರಕ್ತದ ಸೋಡಿಯಂ ಅನ್ನು ಮಾರಕ ಮಟ್ಟಕ್ಕೆ ಏರಿಸಬಲ್ಲದು.

ಹಿಂದೆ ಪಾಶ್ಚಾತ್ಯ ದೇಶಗಳ ಮನೆಗಳಲ್ಲಿ ವಾಂತಿ ಮಾಡಿಸಲೆಂದೇ ಇಪೆಕಾಕ್ ಎಂಬ ಸಸ್ಯಮೂಲದ ಸಿರಪ್ಪನ್ನು ಇಟ್ಟುಕೊಳ್ಳುತ್ತಿದ್ದರು. ಅದರಿಂದ ಪ್ರಯೋಜನವಾಗುವುದಕ್ಕೆ ಪುರಾವೆಯಿಲ್ಲದ ಕಾರಣ 2003ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು ಅದನ್ನು ಮನೆಯಲ್ಲಿ ಇಡಬಾರದೆಂದು ಸೂಚಿಸಿತು. ವಿಷ ಸೇವಿಸಿದವರನ್ನು ಒಡನೆಯೇ ಆಸ್ಪತ್ರೆಗೆ ಸಾಗಿಸಬೇಕು. ವಿಷದ ಡಬ್ಬಿ ಅಥವಾ ಚೀಟಿಯನ್ನು ಜೊತೆಗೆ ಒಯ್ದರೆ ಚಿಕಿತ್ಸೆಗೆ ಸಹಾಯವಾಗುತ್ತದೆ. ಕರ್ನಾಟಕದಲ್ಲಿ ತುರ್ತು ಆಂಬುಲೆನ್ಸ್‌ಗೆ 108 ಸಂಖ್ಯೆಗೆ ಕರೆ ಮಾಡಬಹುದು.

ಗರ್ಭಿಣಿಯರಲ್ಲಿ ವಾಂತಿ

ಗರ್ಭಧಾರಣೆಯ ಮೊದಲ ತಿಂಗಳುಗಳಲ್ಲಿ ಬಹುತೇಕ ಸ್ತ್ರೀಯರಿಗೆ ವಾಕರಿಕೆ ಅಥವಾ ವಾಂತಿ ಇರುತ್ತದೆ. ಇದು ದಿನದ ಯಾವ ಹೊತ್ತಿನಲ್ಲಿಯೂ ಬರಬಹುದು ಮತ್ತು ಸಾಮಾನ್ಯವಾಗಿ 16ರಿಂದ 20 ವಾರಗಳೊಳಗೆ ಕಡಿಮೆಯಾಗುತ್ತದೆ. ಭ್ರೂಣ ಮತ್ತು ಮಾಸು ಉತ್ಪಾದಿಸುವ ಜಿಡಿಎಫ್15 ಎಂಬ ಹಾರ್ಮೋನಿಗೂ ಇದಕ್ಕೂ ಸಂಬಂಧವಿರುವುದನ್ನು 2023ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ. ಪದೇಪದೇ ಸ್ವಲ್ಪ ತಿನ್ನುವುದು, ಹೊಟ್ಟೆ ಬರಿದಾಗಲು ಬಿಡದಿರುವುದು ಮತ್ತು ಶುಂಠಿಯ ಮಿತ ಬಳಕೆ ಅನೇಕರಿಗೆ ಸಹಾಯಕ. ಅಗತ್ಯವಿದ್ದರೆ ವೈದ್ಯರು ಪಿರಿಡಾಕ್ಸಿನ್ ಮತ್ತು ಡಾಕ್ಸಿಲಮೈನ್ ಔಷಧಗಳನ್ನು ನೀಡುತ್ತಾರೆ.

ಕೆಲವರಲ್ಲಿ ವಾಂತಿ ಅತಿಯಾಗಿ ತೂಕ ಇಳಿಯುತ್ತದೆ ಮತ್ತು ನಿರ್ಜಲೀಕರಣ ಉಂಟಾಗುತ್ತದೆ. ಇದನ್ನು ಬಸಿರಿನ ಸಹಜ ಸಂಕಟವೆಂದು ಕಡೆಗಣಿಸಬಾರದು. ಆಸ್ಪತ್ರೆಯಲ್ಲಿ ದ್ರವ ಮತ್ತು ಥಯಾಮಿನ್ ನೀಡಬೇಕಾಗುತ್ತದೆ. ದೀರ್ಘಕಾಲ ಆಹಾರವಿಲ್ಲದೆ ಥಯಾಮಿನ್ ಕೊರತೆಯಾದರೆ ಮಿದುಳಿಗೆ ಶಾಶ್ವತ ಹಾನಿಯಾಗಬಹುದು.

ಗರ್ಭಿಣಿಯರು ತಾವಾಗಿ ಔಷಧ ಸೇವಿಸಬಾರದೆಂಬ ಎಚ್ಚರಿಕೆಯ ಹಿಂದೆ ಒಂದು ದುರಂತದ ಇತಿಹಾಸವಿದೆ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ನಿದ್ರೌಷಧವಾಗಿ ಮಾರುಕಟ್ಟೆಗೆ ಬಂದ ಥಾಲಿಡೋಮೈಡ್ ಅನ್ನು ಗರ್ಭಿಣಿಯರ ವಾಕರಿಕೆಗೂ ನೀಡಲಾಯಿತು. ಅದರಿಂದ ಸಾವಿರಾರು ಶಿಶುಗಳು ಕೈಕಾಲುಗಳ ತೀವ್ರ ನ್ಯೂನತೆಯೊಂದಿಗೆ ಹುಟ್ಟಿದವು. 1961ರಲ್ಲಿ ಅದನ್ನು ಅಲ್ಲಿನ ಮಾರುಕಟ್ಟೆಯಿಂದ ಹಿಂತೆಗೆಯಲಾಯಿತು.

ಆಯುರ್ವೇದದಲ್ಲಿ

ಆಯುರ್ವೇದವು ರೋಗರೂಪದ ವಾಂತಿಯನ್ನು 'ಛರ್ದಿ' ಎಂದು ಕರೆದು, ವಾತ, ಪಿತ್ತ, ಕಫ, ತ್ರಿದೋಷ ಮತ್ತು ಜಿಗುಪ್ಸೆ ಹುಟ್ಟಿಸುವ ವಸ್ತುಗಳ ಸಂಪರ್ಕ ಎಂಬ ಐದು ಕಾರಣಗಳನ್ನು ಹೇಳುತ್ತದೆ. ಚಿಕಿತ್ಸೆಯಾಗಿ ಉದ್ದೇಶಪೂರ್ವಕವಾಗಿ ಮಾಡಿಸುವ ವಾಂತಿಗೆ 'ವಮನ' ಎಂದು ಹೆಸರು. ಇದು ಪಂಚಕರ್ಮಗಳಲ್ಲಿ ಒಂದು. ಇದಕ್ಕೆ ಮದನಫಲವನ್ನು ಮುಖ್ಯವಾಗಿ ಬಳಸುತ್ತಾರೆ. ಗರ್ಭಿಣಿಯರು, ಮಕ್ಕಳು, ವೃದ್ಧರು ಮತ್ತು ಹೃದ್ರೋಗಿಗಳಿಗೆ ವಮನ ಸಲ್ಲದೆಂದು ಆಯುರ್ವೇದವೇ ನಿಷೇಧಿಸಿದೆ. ಇದನ್ನು ಮನೆಯಲ್ಲಿ ಪ್ರಯೋಗಿಸುವುದು ಅಪಾಯಕಾರಿ.

ವೈದ್ಯರನ್ನು ತಕ್ಷಣ ಕಾಣಬೇಕಾದ ಸಂದರ್ಭಗಳು

* ವಾಂತಿಯಲ್ಲಿ ರಕ್ತ ಅಥವಾ ಕಾಫಿಗಷ್ಟಿನಂತಹ ಪದಾರ್ಥ, ಶಿಶುಗಳಲ್ಲಿ ಹಸಿರು ವಾಂತಿ
* ತೀವ್ರವಾದ ಅಥವಾ ಬಿಡದ ಹೊಟ್ಟೆನೋವು, ಹೊಟ್ಟೆಯುಬ್ಬರ, ಮಲ ಮತ್ತು ವಾಯು ಎರಡೂ ನಿಲ್ಲುವುದು
* ತೀವ್ರ ತಲೆನೋವು, ಕುತ್ತಿಗೆ ಸೆಟೆಯುವುದು, ಗೊಂದಲ, ಫಿಟ್ಸ್, ತಲೆಪೆಟ್ಟಿನ ನಂತರದ ವಾಂತಿ
* ಎದೆನೋವು, ಬೆವರು, ಉಸಿರಾಟದ ತೊಂದರೆ
* ಎಂಟು ಗಂಟೆಗಳ ಕಾಲ ಮೂತ್ರ ಬಾರದಿರುವುದು, ಮಂಕು, ಕುಡಿದದ್ದೆಲ್ಲ ವಾಂತಿಯಾಗುವುದು
* ಮಧುಮೇಹಿಗಳಲ್ಲಿ ನಿಲ್ಲದ ವಾಂತಿ
* ವಯಸ್ಕರಲ್ಲಿ ಎರಡು ದಿನ, ಚಿಕ್ಕ ಮಕ್ಕಳಲ್ಲಿ ಒಂದು ದಿನ ಮೀರಿದ ವಾಂತಿ. ಮೂರು ತಿಂಗಳೊಳಗಿನ ಶಿಶುವಿನಲ್ಲಿ ಮರುಕಳಿಸುವ ಯಾವುದೇ ವಾಂತಿ

ತಡೆಗಟ್ಟುವಿಕೆ

ಊಟಕ್ಕೆ ಮೊದಲು ಮತ್ತು ಶೌಚದ ನಂತರ ಸಾಬೂನಿನಿಂದ ಕೈ ತೊಳೆಯುವುದು ಮುಖ್ಯ ಕ್ರಮ. ನೊರೊವೈರಸ್ ವಿರುದ್ಧ ಆಲ್ಕೋಹಾಲ್ ಆಧಾರಿತ ಸ್ಯಾನಿಟೈಸರ್ ಅಷ್ಟು ಪರಿಣಾಮಕಾರಿಯಲ್ಲ. ಸಾಬೂನು ಮತ್ತು ನೀರೇ ಉತ್ತಮ. ವಾಂತಿಯಾದ ಜಾಗವನ್ನು ಬ್ಲೀಚಿಂಗ್ ದ್ರಾವಣದಿಂದ ಶುಚಿಗೊಳಿಸಬೇಕು. ಕುಡಿಯುವ ನೀರನ್ನು ಕುದಿಸಿ ಆರಿಸುವುದು, ಬೇಯಿಸಿದ ಆಹಾರವನ್ನು ಎರಡು ಗಂಟೆಗಳೊಳಗೆ ಸೇವಿಸುವುದು ಅಥವಾ ಫ್ರಿಜ್‌ನಲ್ಲಿ ಇಡುವುದು ಆಹಾರದ ನಂಜನ್ನು ತಡೆಯುತ್ತದೆ. ಪ್ರಯಾಣದಲ್ಲಿ ವಾಹನದ ಮುಂಭಾಗದಲ್ಲಿ ಕುಳಿತು ದೂರದ ದೃಶ್ಯವನ್ನು ನೋಡುವುದು, ಓದುವುದನ್ನು ಮತ್ತು ಮೊಬೈಲ್ ನೋಡುವುದನ್ನು ಬಿಡುವುದು, ಹೊರಡುವ ಮುನ್ನ ಮಿತವಾಗಿ ತಿನ್ನುವುದು ಉಪಯುಕ್ತ. ಸೀಮೆಎಣ್ಣೆ, ಕೀಟನಾಶಕ ಮತ್ತು ಶುಚಿಕಾರಕಗಳನ್ನು ನೀರಿನ ಅಥವಾ ತಂಪು ಪಾನೀಯದ ಬಾಟಲಿಗಳಲ್ಲಿ ತುಂಬಿಡದೆ, ಮಕ್ಕಳ ಕೈಗೆ ಸಿಗದಂತೆ ಮೂಲ ಡಬ್ಬಿಗಳಲ್ಲಿಯೇ ಇಡಬೇಕು.